ಎಎಂಎಚ್ ಕಡಿಮೆ ಬಂದರೆ ಮಗುವಾಗುವುದಿಲ್ಲವೇ?

ಮದುವೆಯಾಗಿ ಎರಡು ಮೂರು ವರ್ಷವಾದರೂ ಗರ್ಭ ನಿಲ್ಲದಿದ್ದಾಗ ವೈದ್ಯರು ಒಂದು ಉದ್ದದ ಚೀಟಿ ಬರೆದುಕೊಡುತ್ತಾರೆ. ಎಎಂಎಚ್, ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಾಡಿಯಾಲ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್. ರಕ್ತ ಕೊಟ್ಟು ಮನೆಗೆ ಬರುತ್ತೀರಿ. ಒಂದೆರಡು ದಿನದಲ್ಲಿ ವರದಿ ಮೊಬೈಲಿಗೇ ಬಂದುಬಿಡುತ್ತದೆ. ಎಎಂಎಚ್ ಎಂಬಲ್ಲಿ 0.8 ಎಂದಿದ್ದು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಕಡಿಮೆ' ಎಂದಿರುತ್ತದೆ. ವೈದ್ಯರು ಅದನ್ನು ನೋಡುವ ಮೊದಲೇ ಅತ್ತೆ, ನಾದಿನಿ, ದೊಡ್ಡಮ್ಮ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ. "ಇವಳಲ್ಲಿ ಅಂಡಾಣುವೇ ಇಲ್ಲವಂತೆ" ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಆ ಒಂದು ಅಂಕಿಯಿಂದ ಎರಡನೇ ಮದುವೆಯ ಮಾತು, ತಲಾಕಿನ ಮಾತು ಎದ್ದ ಮನೆಗಳೂ ಇವೆ.

ಆ ಅಂಕಿ ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸಾವಧಾನವಾಗಿ ತಿಳಿದುಕೊಳ್ಳೋಣ. ಪತಿಗೂ ಓದಲು ಕೊಡಿ. ಈ ವಿಷಯ ಅವರಿಗೂ ಸೇರಿದ್ದು.

ಎಣಿಕೆ ಬೇರೆ, ಗುಣ ಬೇರೆ

ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಹೊಸದಾಗಿ ಉತ್ಪತ್ತಿಯಾಗುವುದಿಲ್ಲ, ಇರುವುದು ಕರಗುತ್ತಾ ಹೋಗುತ್ತದೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಪ್ರತಿ ತಿಂಗಳೂ ಒಂದಷ್ಟು ಅಂಡಾಣುಗಳು ಎಚ್ಚೆತ್ತು ಬೆಳೆಯಲು ಹೊರಡುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಪೂರ್ತಿ ಮಾಗಿ ಹೊರಬರುತ್ತದೆ, ಉಳಿದವು ಸಾಯುತ್ತವೆ. ಹೀಗೆ ಬೆಳೆಯಲು ಹೊರಟ ಅಂಡಾಣುಗಳನ್ನು ಸುತ್ತುವರಿದ ಪುಟ್ಟ ಗುಳ್ಳೆಗಳ ಜೀವಕೋಶಗಳೇ ಎಎಂಎಚ್ ಎಂಬ ಹಾರ್ಮೋನನ್ನು ಸ್ರವಿಸುವುದು. ಗುಳ್ಳೆಗಳು ಹೆಚ್ಚಿದ್ದರೆ ರಕ್ತದಲ್ಲಿ ಎಎಂಎಚ್ ಹೆಚ್ಚು, ಕಡಿಮೆಯಿದ್ದರೆ ಕಡಿಮೆ.

ಅಂದರೆ ಅದು ಎಣಿಕೆಯ ಲೆಕ್ಕ. ಡಬ್ಬಿಯಲ್ಲಿ ಎಷ್ಟು ಬೀಜ ಉಳಿದಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಬೀಜ ಮೊಳೆಯುವಂಥದ್ದೇ ಎಂಬುದನ್ನಲ್ಲ. ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ನಿಮ್ಮ ವಯಸ್ಸು. ವಯಸ್ಸಾದಂತೆ ಅಂಡಾಣುವಿನೊಳಗಿನ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗದೆ ತಪ್ಪುಗಳು ಹೆಚ್ಚುತ್ತವೆ. ನಲವತ್ತು ದಾಟಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭ್ರೂಣಗಳಲ್ಲಿ ಇಂಥ ದೋಷವಿರುತ್ತದೆ. ಅಂಥವು ಗರ್ಭಕೋಶಕ್ಕೆ ಅಂಟುವುದಿಲ್ಲ, ಇಲ್ಲವೇ ಅಂಟಿದರೂ ಗರ್ಭಪಾತವಾಗುತ್ತವೆ.

ಇಬ್ಬರು ಸಹೋದರಿಯರನ್ನು ಕಲ್ಪಿಸಿಕೊಳ್ಳಿ. ತಂಗಿಗೆ 28 ವರ್ಷ, ಎಎಂಎಚ್ 0.9. ಅಕ್ಕನಿಗೆ 41, ಎಎಂಎಚ್ 3. ವರದಿಯನ್ನಷ್ಟೇ ನೋಡಿದವರು ಅಕ್ಕನೇ ಭಾಗ್ಯವಂತೆ ಎನ್ನುತ್ತಾರೆ. ಆದರೆ ತಂಗಿಗೆ ಸಿಗುವ ನಾಲ್ಕೇ ಅಂಡಾಣುಗಳಲ್ಲಿ ಒಳ್ಳೆಯದೊಂದು ಇರುವ ಸಂಭವ, ಅಕ್ಕನ ಪ್ರತಿಯೊಂದು ಅಂಡಾಣುವಿಗಿಂತ ಬಹಳ ಹೆಚ್ಚು. ಬ್ರಿಟನ್ನಿನಲ್ಲಿ ಐವಿಎಫ್ ಚಿಕಿತ್ಸೆಗಳ ಲೆಕ್ಕವನ್ನೆಲ್ಲ ಒಂದು ಸರಕಾರಿ ಪ್ರಾಧಿಕಾರವೇ ಇಡುತ್ತದೆ. ಅದರ 2019ರ ಅಂಕಿಗಳನ್ನು ನೋಡಿ: ಸ್ವಂತ ಅಂಡಾಣುವಿನಿಂದಾದ, ಗರ್ಭಕೋಶಕ್ಕೆ ಸೇರಿಸಿದ ಪ್ರತಿ ಭ್ರೂಣಕ್ಕೆ ಮಗು ಹುಟ್ಟಿದ ಪ್ರಮಾಣ 35ರ ಒಳಗಿನವರಲ್ಲಿ ಶೇ. 32, 40ರಿಂದ 42ರವರಲ್ಲಿ ಶೇ. 11, 43 ದಾಟಿದವರಲ್ಲಿ ಶೇ. 5ಕ್ಕೂ ಕಡಿಮೆ. ಇಲ್ಲಿ ಎಎಂಎಚ್‌ನ ಮಾತೇ ಇಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ರಾಧಿಕಾರದ ದಾಖಲೆಗಳಿಂದ 2016ರಲ್ಲಿ ಐವಿಎಫ್ ಫಲಿತಾಂಶವನ್ನು ಅಂದಾಜು ಮಾಡುವ ಒಂದು ಲೆಕ್ಕಸೂತ್ರ ತಯಾರಿಸಿದರು. ಅದರಲ್ಲೂ ಎಎಂಎಚ್ ಇಲ್ಲ. ಪತ್ನಿಯ ವಯಸ್ಸು, ಎಷ್ಟು ವರ್ಷದಿಂದ ಮಕ್ಕಳಾಗಿಲ್ಲ, ಹಿಂದೆ ಗರ್ಭ ನಿಂತಿತ್ತೇ, ತೊಂದರೆ ನಾಳದಲ್ಲೋ ಪತಿಯಲ್ಲೋ ಎಂಬಂಥ ಸಂಗತಿಗಳ ಮೇಲೆಯೇ ಅದು ನಿಂತಿದೆ.

ಚಿಕಿತ್ಸೆ ಇಲ್ಲದೆ ಸಹಜವಾಗಿ ಗರ್ಭ ಧರಿಸಲು ಪ್ರಯತ್ನಿಸುವವರಲ್ಲಂತೂ ಎಎಂಎಚ್ ಭವಿಷ್ಯ ನುಡಿಯುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವರ್ಷದ 750 ಮಹಿಳೆಯರನ್ನು ಗಮನಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಿಗೂ ಸಾಮಾನ್ಯ ಮಟ್ಟದಲ್ಲಿದ್ದವರಿಗೂ ವರ್ಷದೊಳಗೆ ಗರ್ಭ ನಿಲ್ಲುವ ಸಂಭವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ತಿಂಗಳಿಗೆ ಬೇಕಾಗುವುದು ಒಂದೇ ಅಂಡಾಣು ತಾನೇ?

ಐವಿಎಫ್‌ನ ಚರಿತ್ರೆ ಶುರುವಾದದ್ದೂ ಒಂದೇ ಅಂಡಾಣುವಿನಿಂದ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಂನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್‌ಳ ತಾಯಿಗೆ ಅಂಡನಾಳಗಳು ಮುಚ್ಚಿದ್ದವು, ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ವೈದ್ಯರಾದ ಸ್ಟೆಪ್ಟೋ ಮತ್ತು ವಿಜ್ಞಾನಿ ಎಡ್ವರ್ಡ್ಸ್ ಅಂಡಾಣು ಬೆಳೆಸುವ ಚುಚ್ಚುಮದ್ದು ಕೊಡದೆ, ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನು ಏರುವ ಗಳಿಗೆಯನ್ನು ಕಾಯ್ದು, ಆ ತಿಂಗಳು ತಾನಾಗಿ ಬೆಳೆದ ಒಂದೇ ಅಂಡಾಣುವನ್ನು ತೆಗೆದರು. ಹಾರ್ಮೋನ್ ಪರೀಕ್ಷೆ ಅಲ್ಲಿ ಹೇಳಿದ್ದು ಅಂಡಾಣು ಯಾವಾಗ ಸಿದ್ಧ ಎಂಬುದನ್ನು ಮಾತ್ರ.

ಹಾಗಾದರೆ ಈ ಪರೀಕ್ಷೆ ಯಾಕೆ?

ವ್ಯರ್ಥವೆಂದು ಹೇಳುತ್ತಿಲ್ಲ. ಐವಿಎಫ್ ಮಾಡಿಸುವವರಿಗೆ ಅದು ಬಹಳ ಉಪಯುಕ್ತ. ಚುಚ್ಚುಮದ್ದಿನ ಪ್ರಮಾಣ ಎಷ್ಟಿರಬೇಕು, ಸುಮಾರು ಎಷ್ಟು ಅಂಡಾಣು ಸಿಗಬಹುದು ಎಂಬುದನ್ನು ಎಎಂಎಚ್ ಚೆನ್ನಾಗಿ ಅಂದಾಜಿಸುತ್ತದೆ. 1ಕ್ಕಿಂತ ಕಡಿಮೆ ಇದ್ದರೆ ಕೆಲವೇ ಅಂಡಾಣು ಸಿಗಬಹುದು ಎಂದು ಮೊದಲೇ ಮನಸ್ಸು ಸಿದ್ಧಪಡಿಸಿಕೊಳ್ಳಬಹುದು. ಬಹಳ ಹೆಚ್ಚಿದ್ದರೆ, ಪಿಸಿಒಎಸ್ ಇರುವವರಲ್ಲಿ ಹೀಗಾಗುವುದು ಸಾಮಾನ್ಯ, ಅಂಡಾಶಯ ಅತಿಯಾಗಿ ಊದಿಕೊಳ್ಳುವ ಅಪಾಯವಿದೆಯೆಂದು ವೈದ್ಯರು ಮದ್ದು ತಗ್ಗಿಸುತ್ತಾರೆ. ಚುಚ್ಚುಮದ್ದಿನ ದಿನಗಳಲ್ಲಿ ಅಥವಾ ಅಂಡಾಣು ತೆಗೆದ ಮೇಲೆ ಹೊಟ್ಟೆ ಉಬ್ಬಿ ಬಿಗಿಯುವುದು, ಉಸಿರು ಕಟ್ಟುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಅದೇ ಆ ಅಪಾಯ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಎಎಂಎಚ್ ತೀರಾ ಕಡಿಮೆಯಿದ್ದರೆ ಇನ್ನೊಂದು ಅರ್ಥವೂ ಇದೆ: ಮುಂದೂಡಬೇಡಿ. "ಇನ್ನೂ ಎರಡು ವರ್ಷ ನೋಡೋಣ, ಮನೆ ಕಟ್ಟಿ ಮುಗಿಯಲಿ" ಎನ್ನುವ ಸಮಯವಲ್ಲ ಅದು. ಆಸೆ ಬಿಡಲು ಮಾತ್ರ ಅದು ಕಾರಣವಲ್ಲ.

ವರದಿ ಓದುವಾಗ ಅಂಕಿಯ ಮುಂದಿರುವ ಅಳತೆಯನ್ನು ಮೊದಲು ನೋಡಿ. ಇಲ್ಲಿನ ಪ್ರಯೋಗಾಲಯಗಳು ಸಾಮಾನ್ಯವಾಗಿ ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಬರೆಯುತ್ತವೆ. ಹೊರದೇಶಗಳಲ್ಲಿ ಲೀಟರಿಗೆ ಪೈಕೋಮೋಲ್ ಲೆಕ್ಕವೂ ಇದೆ. ಅಲ್ಲಿನ 7, ಇಲ್ಲಿನ 1ಕ್ಕೆ ಸಮ. ಪತಿಯೊಂದಿಗೆ ಹೊರದೇಶದಲ್ಲಿದ್ದಾಗ ಮಾಡಿಸಿದ ವರದಿಯಲ್ಲಿ 7 ಇದ್ದು, ಊರಲ್ಲಿ ಮಾಡಿಸಿದಾಗ 1 ಬಂದರೆ "ಆರು ತಿಂಗಳಲ್ಲಿ ಎಲ್ಲ ಖಾಲಿಯಾಯಿತು" ಎಂದು ಅಳಬೇಕಾಗಿಲ್ಲ, ಎರಡೂ ಒಂದೇ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದರೂ ಎಎಂಎಚ್ ತಗ್ಗುತ್ತದೆ, ನಿಲ್ಲಿಸಿದ ಕೆಲವು ತಿಂಗಳಲ್ಲಿ ಏರುತ್ತದೆ. ಕೂದಲು ಉದುರುವುದಕ್ಕೆಂದು ನುಂಗುವ ಬಯೋಟಿನ್ ಮಾತ್ರೆ ಹಲವು ಹಾರ್ಮೋನ್ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ. ರಕ್ತ ಕೊಡುವ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು, ತೆಗೆದುಕೊಳ್ಳುತ್ತಿರುವ ವಿಷಯವನ್ನು ವೈದ್ಯರಿಗೆ ಹೇಳಲೂ ಬೇಕು.

ಎಎಂಎಚ್‌ಗೆ ದಿನದ ಕಟ್ಟುಪಾಡಿಲ್ಲ, ತಿಂಗಳಿನ ಯಾವ ದಿನವೂ ಆಗಬಹುದು. ಎಫ್‌ಎಸ್‌ಎಚ್ ಹಾಗಲ್ಲ. ಅದನ್ನು ಮುಟ್ಟಿನ ಎರಡನೇ ಅಥವಾ ಮೂರನೇ ದಿನವೇ ನೋಡಬೇಕು, ಸ್ರಾವ ಸರಿಯಾಗಿ ಶುರುವಾದ ದಿನವನ್ನು ಒಂದನೇ ದಿನವೆಂದು ಲೆಕ್ಕ ಹಿಡಿಯಬೇಕು. ಅದರ ಜೊತೆ ಎಸ್ಟ್ರಾಡಿಯಾಲ್ ಇಲ್ಲದಿದ್ದರೆ ಎಫ್‌ಎಸ್‌ಎಚ್ ವರದಿ ಅರ್ಧ ಸತ್ಯ. ಎಸ್ಟ್ರಾಡಿಯಾಲ್ ಏರಿದ್ದರೆ ಅದು ಎಫ್‌ಎಸ್‌ಎಚ್ ಅನ್ನು ಅದುಮಿಟ್ಟು ಸುಳ್ಳೇ 'ಸರಿ' ಎಂದು ತೋರಿಸುತ್ತದೆ. ಇವಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ರಮಝಾನಿನಲ್ಲಿ ಪರೀಕ್ಷೆ ಬಂದರೆ, ಸ್ವಲ್ಪ ರಕ್ತ ಕೊಡುವುದರಿಂದ ಉಪವಾಸ ಮುರಿಯುವುದಿಲ್ಲವೆಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ರಕ್ತದ ಅಂಕಿಯ ಜೊತೆ ಅಂಡಾಶಯದ ಗುಳ್ಳೆಗಳನ್ನು ಸ್ಕ್ಯಾನಿಂಗ್‌ನಲ್ಲಿ ಎಣಿಸುವುದೂ ಅಗತ್ಯ. ಒಳಗಿನಿಂದ ಮಾಡುವ ಈ ಸ್ಕ್ಯಾನಿಂಗಿಗೆ ಸಂಕೋಚಪಟ್ಟು ಹಿಂದಿರುಗುವ ಸಹೋದರಿಯರಿದ್ದಾರೆ. ಮಹಿಳಾ ವೈದ್ಯರೇ ಬೇಕೆಂದು ಸಮಯ ಗೊತ್ತುಪಡಿಸುವಾಗಲೇ ಕೇಳಿ. ಕೇಳುವುದು ನಿಮ್ಮ ಹಕ್ಕು. ಬಹಳ ಕಡೆ ವ್ಯವಸ್ಥೆ ಮಾಡಿಕೊಡುತ್ತಾರೆ.

ಪತಿಯ ಪರೀಕ್ಷೆ ಎಲ್ಲಿ?

ಪತ್ನಿಗೆ ಆರು ಹಾರ್ಮೋನು, ಎರಡು ಸ್ಕ್ಯಾನಿಂಗ್, ನಾಳದ ಪರೀಕ್ಷೆ ಎಲ್ಲ ಮುಗಿದಿರುತ್ತದೆ. ಪತಿಯ ವೀರ್ಯ ಪರೀಕ್ಷೆ ಮಾತ್ರ ಆಗಿರುವುದಿಲ್ಲ. ಎಲ್ಲಕ್ಕಿಂತ ಅಗ್ಗದ, ನೋವಿಲ್ಲದ ಪರೀಕ್ಷೆ ಅದು. ನ್ಯಾಯವಾಗಿ ಮೊದಲನೆಯದಾಗಬೇಕಿತ್ತು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಪತಿಯ ಕಡೆಯ ಕಾರಣ ಒಂಟಿಯಾಗಿಯೋ ಜೊತೆಯಾಗಿಯೋ ಇದ್ದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣು ಕೆಳಗಿನ ಮಿತಿ. ಇದೂ ತೀರ್ಪಲ್ಲ. ಇದಕ್ಕಿಂತ ಕಡಿಮೆಯಿದ್ದವರೂ ತಂದೆಯರಾಗಿದ್ದಾರೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ಆಸ್ಪತ್ರೆಯ ಕೋಣೆಯಲ್ಲಿ ಕೊಡಲು ಮನಸ್ಸೊಪ್ಪದವರು ಪ್ರಯೋಗಾಲಯದವರನ್ನು ಕೇಳಿ, ಇದಕ್ಕೆಂದೇ ಇರುವ, ಮದ್ದು ಸವರಿರದ ಚೀಲವನ್ನು ಪಡೆದು, ಮನೆಯಲ್ಲಿ ಪತ್ನಿಯ ಜೊತೆಗೇ ಸಂಗ್ರಹಿಸಿ ಒಂದು ಗಂಟೆಯೊಳಗೆ ತಲುಪಿಸಬಹುದು. ಒಮ್ಮೆ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು.

ಜಿಮ್ಮಿಗೆ ಹೋಗುವ ಹುಡುಗರಿಗೆ ಒಂದು ಮಾತು. ಮೈಕಟ್ಟಿಗೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್ ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸುತ್ತದೆ. ಹೊರಗಿನಿಂದ ಬಂದದ್ದನ್ನು ನೋಡಿ ಮೆದುಳು ವೃಷಣಗಳಿಗೆ ಆಜ್ಞೆ ಕಳಿಸುವುದನ್ನೇ ಬಿಡುತ್ತದೆ. ಬಿಟ್ಟ ಮೇಲೆ ಮರಳಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ.

ಇನ್ನೊಂದು, ನಮ್ಮ ಕರಾವಳಿಯ ಮನೆಗಳಿಗೇ ಹೇಳಬೇಕಾದದ್ದು. ವರ್ಷಪೂರ್ತಿ ಜೊತೆಗಿದ್ದು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಮಾತ್ರ ವೈದ್ಯಶಾಸ್ತ್ರ ಅದನ್ನು ಬಂಜೆತನ ಎನ್ನುತ್ತದೆ. ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಪತಿ ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬರುವವರಾದರೆ, ಮದುವೆಯಾಗಿ ಐದು ವರ್ಷವೆಂದರೂ ಕೂಡಿ ಬಾಳಿದ್ದು ಐದಾರು ತಿಂಗಳು ಮಾತ್ರ! ಆ ತಿಂಗಳಲ್ಲೂ ಅಂಡಾಣು ಬಿಡುಗಡೆಯ ದಿನಗಳು ಎಷ್ಟು ಸಿಕ್ಕವೋ. ಇಂಥವರನ್ನು "ಐದು ವರ್ಷದ ಬಂಜೆತನ" ಎಂದು ಬರೆದು ನೇರವಾಗಿ ಐವಿಎಫ್‌ಗೆ ಕಳಿಸುವ ಮೊದಲು, ಒಂದು ವರ್ಷ ಜೊತೆಗಿರುವ ದಾರಿ ಇದೆಯೇ ಎಂದು ಎರಡೂ ಮನೆಯವರು ಕೂತು ಯೋಚಿಸಬೇಕು. ವೈದ್ಯರಿಗೂ ನಿಜವಾದ ತಿಂಗಳ ಲೆಕ್ಕವನ್ನೇ ಹೇಳಿ.

"ದಾನಿಯ ಅಂಡಾಣು ತೆಗೆದುಕೊಳ್ಳಿ" ಎಂದಾಗ

ಎಎಂಎಚ್ ಕಡಿಮೆ ಬಂದವರಿಗೆ ಕೆಲವು ಕೇಂದ್ರಗಳಲ್ಲಿ ಮೊದಲ ಭೇಟಿಯಲ್ಲೇ ಈ ಸಲಹೆ ಸಿಗುತ್ತದೆ. ದಾನಿಯ ಅಂಡಾಣುವಿನಿಂದ ಯಶಸ್ಸಿನ ಪ್ರಮಾಣ ಏರುವುದು ನಿಜ, ಯಾಕೆಂದರೆ ದಾನಿ ಎಳೆಯ ವಯಸ್ಸಿನವಳು. ಆದರೆ ನಮಗೆ ಇದು ಬರೀ ಯಶಸ್ಸಿನ ಪ್ರಶ್ನೆಯಲ್ಲ, ನಸಬ್‌ನ ಪ್ರಶ್ನೆ. 1980ರಲ್ಲಿ ಈಜಿಪ್ಟಿನ ಶೇಖ್ ಜಾದುಲ್ ಹಕ್ ನೀಡಿದ ಫತ್ವಾ, 1986ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ನಿರ್ಣಯ ಎರಡೂ, ಪತಿಯ ವೀರ್ಯಾಣು ಮತ್ತು ಪತ್ನಿಯ ಅಂಡಾಣುವಿನಿಂದಾದ ಭ್ರೂಣವನ್ನು ಅದೇ ಪತ್ನಿಯ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು, ಮೂರನೆಯವರ ಪಾಲನ್ನು ಒಪ್ಪಲಿಲ್ಲ. ಶಿಯಾ ವಿದ್ವಾಂಸರಲ್ಲಿ ಕೆಲವರ ಅಭಿಪ್ರಾಯ ಬೇರೆಯಿದೆ.

ಆದ್ದರಿಂದ ಮೊದಲ ದಿನವೇ ಬಾಯಿಬಿಟ್ಟು ಹೇಳಿ: ನಮ್ಮಿಬ್ಬರದೇ ಆಗಬೇಕು. ಲಿಖಿತ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಮಾಡುವಂತಿಲ್ಲವೆಂದು 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆ ಪತ್ರ ಓದದೆ ಸಹಿ ಹಾಕಬೇಡಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಕೇಂದ್ರ ನೋಂದಾಯಿತವೇ ಎಂದೂ ವಿಚಾರಿಸಿ. ಒಂದೇ ಎಎಂಎಚ್ ವರದಿಯ ಮೇಲೆ ದಾನಿಯ ಮಾತೆತ್ತಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. 30ರ ಆಸುಪಾಸಿನ ಮಹಿಳೆಗೆ ಸ್ವಂತ ಅಂಡಾಣುವಿನಿಂದ ಒಮ್ಮೆಯೂ ಪ್ರಯತ್ನಿಸದೆ ದಾನಿಯತ್ತ ತಳ್ಳುವುದು ಸರಿಯಲ್ಲವೆಂಬುದು ನನ್ನ ಖಚಿತ ನಿಲುವು.

"ನಮ್ಮಲ್ಲಿ ಶೇ. 70 ಯಶಸ್ಸು" ಎಂಬ ಜಾಹೀರಾತು ಕಂಡಾಗ ಏನು ಯಶಸ್ಸು ಎಂದು ಕೇಳಿ. ಪರೀಕ್ಷೆ ಪಾಸಿಟಿವ್ ಬಂದದ್ದೇ, ಹೃದಯ ಬಡಿತ ಕಂಡದ್ದೇ, ಮಗು ಕೈಗೆ ಬಂದದ್ದೇ? ಚಿಕಿತ್ಸೆ ಶುರುಮಾಡಿದ ಎಲ್ಲರಲ್ಲೇ, ಭ್ರೂಣ ಸೇರಿಸುವ ಹಂತಕ್ಕೆ ತಲುಪಿದವರಲ್ಲಿ ಮಾತ್ರವೇ? ದಾನಿಯ ಅಂಡಾಣು ಪಡೆದವರೂ ಲೆಕ್ಕದಲ್ಲಿದ್ದಾರೆಯೇ? ನಿಮ್ಮ ವಯಸ್ಸಿನವರ ಅಂಕಿ ಮಾತ್ರ ನಿಮಗೆ ಬೇಕಾದದ್ದು.

ಚಿಕಿತ್ಸೆಯ ನಡುವೆ ನೋಡುವ ಹಾರ್ಮೋನುಗಳು

ಅಂಡಾಣು ಮಾಗಿಸುವ ಕೊನೆಯ ಚುಚ್ಚುಮದ್ದಿನ ದಿನ ಪ್ರೊಜೆಸ್ಟರಾನ್ ನೋಡುವುದುಂಟು. ಅದು 1.5 ದಾಟಿದ್ದರೆ ಗರ್ಭಕೋಶದ ಒಳಪದರ ಕಾಲಕ್ಕೆ ಮೊದಲೇ ಸಿದ್ಧವಾಗಿಬಿಟ್ಟಿದೆ ಎಂದರ್ಥ. ಭ್ರೂಣ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಆಗ ವೈದ್ಯರು ಭ್ರೂಣಗಳನ್ನು ಶೀತಲೀಕರಿಸಿ ಮುಂದಿನ ತಿಂಗಳಿಗಿಡುತ್ತಾರೆ. "ಈ ಸಲ ಹಾಕುವುದಿಲ್ಲ" ಎಂದರೆ ಸೋಲೆಂದು ತಿಳಿಯಬೇಡಿ. ಶೀತಲೀಕರಿಸಿದ ಭ್ರೂಣ ಸೇರಿಸುವಾಗಲೂ ಪ್ರೊಜೆಸ್ಟರಾನ್ ನೋಡುತ್ತಾರೆ. ಕೆಳಗಿಡುವ ಗುಳಿಗೆಯ ಮದ್ದು ನೇರ ಗರ್ಭಕೋಶಕ್ಕೆ ಹೋಗುವುದರಿಂದ ರಕ್ತದಲ್ಲಿ ಕಡಿಮೆಯೇ ಕಾಣುತ್ತದೆ. ಚುಚ್ಚುಮದ್ದು ಪಡೆದವರ ಅಂಕಿಯ ಜೊತೆ ಅದನ್ನು ಹೋಲಿಸಬಾರದು. ತೀರಾ ತಗ್ಗಿದ್ದರೆ ಮದ್ದು ಹೆಚ್ಚಿಸಬಹುದು.

ಭ್ರೂಣ ಸೇರಿಸಿದ ಮೇಲೆ ಹದಿನೈದು ದಿನ ಮಂಚ ಬಿಡದೆ ಮಲಗುವ ಪದ್ಧತಿ ಇನ್ನೂ ಇದೆ. ಅದರಿಂದ ಪ್ರಯೋಜನವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಸುಜೂದ್ ಮಾಡಿದರೆ ಭ್ರೂಣ ಜಾರುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಗರ್ಭಕೋಶದ ಎರಡು ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಭ್ರೂಣ ಅವುಗಳ ನಡುವೆ ಕುಳಿತಿರುತ್ತದೆ. ನಮಾಝ್, ನಡಿಗೆ, ಮನೆಯ ಹಗುರ ಕೆಲಸ ಯಾವುದೂ ಅದನ್ನು ಬೀಳಿಸುವುದಿಲ್ಲ.

ಸುಮಾರು ಎರಡು ವಾರದೊಳಗೆ, ನಿಮ್ಮ ವೈದ್ಯರು ಹೇಳಿದ ದಿನ, ಬೀಟಾ ಎಚ್‌ಸಿಜಿ ಪರೀಕ್ಷೆ. ಈ ಹಾರ್ಮೋನನ್ನು ಸ್ರವಿಸುವುದು ಅಂಟಿಕೊಂಡ ಭ್ರೂಣವೇ. ಆದ್ದರಿಂದ ಭವಿಷ್ಯ ಹೇಳುವುದರಲ್ಲಿ ಉಳಿದೆಲ್ಲ ಹಾರ್ಮೋನುಗಳಿಗಿಂತ ಇದಕ್ಕೆ ಬೆಲೆ ಹೆಚ್ಚು. ಅವಸರಪಟ್ಟು ಮೊದಲೇ ಮನೆಯಲ್ಲಿ ಮೂತ್ರಪರೀಕ್ಷೆ ಮಾಡಬೇಡಿ. ಅಂಡಾಣು ಮಾಗಿಸಲು ಕೊಟ್ಟ ಚುಚ್ಚುಮದ್ದೂ ಹೆಚ್ಚಾಗಿ ಇದೇ ಎಚ್‌ಸಿಜಿ. ಅದು ಹತ್ತು ಹದಿನಾಲ್ಕು ದಿನ ದೇಹದಲ್ಲಿ ಉಳಿದು ಸುಳ್ಳು ಗೆರೆ ಮೂಡಿಸಬಹುದು. ಸ್ವಲ್ಪ ರಕ್ತ ಕಂಡಿತೆಂದು ಪ್ರೊಜೆಸ್ಟರಾನ್ ನಿಲ್ಲಿಸಲೂಬೇಡಿ. ರಕ್ತ ಕಂಡೂ ಗರ್ಭ ಮುಂದುವರಿಯುವುದುಂಟು.

ರಕ್ತದಲ್ಲಿ 5ಕ್ಕಿಂತ ಕಡಿಮೆ ಬಂದರೆ ಗರ್ಭವಿಲ್ಲ, 25 ದಾಟಿದರೆ ಇದೆ, ನಡುವಿನದು ಮತ್ತೆ ನೋಡಬೇಕಾದದ್ದು. ಆದರೆ ಒಂದು ದಿನದ ಅಂಕಿಗಿಂತ ಎರಡು ದಿನದಲ್ಲಿ ಎಷ್ಟು ಏರಿತು ಎಂಬುದೇ ಮುಖ್ಯ. ಮೊದಲ ಸಲ 100 ಇದ್ದದ್ದು 48 ಗಂಟೆಯ ನಂತರ ಕನಿಷ್ಠ 150ರ ಹತ್ತಿರವಾದರೂ ಬರಬೇಕು. ಹೆಚ್ಚಿನವರಲ್ಲಿ ಅದಕ್ಕಿಂತ ವೇಗವಾಗಿಯೇ ಏರುತ್ತದೆ. ಹೋಲಿಸುವಾಗ ಎರಡು ಸಲವೂ ಅದೇ ಪ್ರಯೋಗಾಲಯದಲ್ಲಿ ಮಾಡಿಸಿ. ಇಳಿಯತೊಡಗಿದರೆ ಭ್ರೂಣ ಅಂಟಿ, ಬೆಳೆಯದೆ ನಿಂತಿದೆ ಎಂದರ್ಥ. ಅದೂ ಒಂದು ನಷ್ಟವೇ. ಆ ಮಹಿಳೆಗೆ "ಏನೂ ಆಗಿರಲಿಲ್ಲವಲ್ಲ" ಎಂದು ಹೇಳಬೇಡಿ.

ನಿಧಾನವಾಗಿ, ತೆವಳಿದಂತೆ ಏರುತ್ತಿದ್ದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಭ್ರೂಣವನ್ನು ಗರ್ಭಕೋಶದೊಳಗೇ ಬಿಟ್ಟಿದ್ದರೂ ಹೀಗಾಗುವುದುಂಟು. ಅಂಕಿ ಸರಿಯಾಗಿ ಏರಿದವರಲ್ಲೂ ಆರೇಳು ವಾರದ ಸ್ಕ್ಯಾನಿಂಗ್‌ನಲ್ಲಿ ಗರ್ಭದ ಜಾಗ ಮತ್ತು ಹೃದಯ ಬಡಿತ ಕಾಣುವವರೆಗೆ ಈ ಸಾಧ್ಯತೆ ಮನಸ್ಸಿನಲ್ಲಿರಲಿ. ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಕಣ್ಣು ಕತ್ತಲೆಗಟ್ಟುವುದು ಕಂಡರೆ ನಾಳ ಒಡೆದು ಒಳಗೆ ರಕ್ತ ಹರಿಯುತ್ತಿರಬಹುದು. ಐವಿಎಫ್ ಕೇಂದ್ರ ದೂರದ ನಗರದಲ್ಲಿದ್ದರೆ ಅಲ್ಲಿಗೇ ಹೊರಡಬೇಡಿ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ತಕ್ಷಣ ಹೋಗಿ, ಭ್ರೂಣ ಸೇರಿಸಿದ ದಿನಾಂಕ ಮತ್ತು ಎಚ್‌ಸಿಜಿ ವರದಿಗಳನ್ನು ಅಲ್ಲಿನ ವೈದ್ಯರ ಕೈಗೆ ಕೊಡಿ.